ಬಸ್ಸಿನ ಪಾಲು

ನಮ್ಮ ಮಾವಶಿ, ಅಂದರೆ ನನ್ನ ತಾಯಿಯ ತಂಗಿ, ತಲೆಯ ಮೇಲೆ ಬಸ್ ಸ್ಟಾಪ್ ಹೊತ್ತುಕೊಂಡು ತಿರುಗುವವಳು. ನಗಬೇಡಿ! ನಮ್ಮೂರು ಬಿಣಗಾದಲ್ಲಿ ಯಾರನ್ನು ಬೇಕಾದರೂ ಕೇಳಿ. ಮೀನಿನ ಬುಟ್ಟಿ ಹೊತ್ತು ಅವಳು ಹೆದ್ದಾರಿಯ ಬದಿ ಎಲ್ಲಿ ನಿಂತಳೋ ಅಲ್ಲೇ ಸ್ಟಾಪು. ಬೋರ್ಡು ಗೀರ್ಡು ಎಲ್ಲ ಓದಲು ಬರುವವರಿಗೆ!

ಅಂಕೋಲೆಯ ಪೇಟೆಯಲ್ಲಿ ಅವಳ ಮೀನಿಗೆಂದೇ ಕಾಯುವ ಗಿರಾಕಿಗಳಿದ್ದರು. ನಾನೂ ಅಂಕೋಲೆಯ ಕಚೇರಿಗೆ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆನಾದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು. ಆಗ ಬಿಣಗಾದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಓಡುತ್ತಿದ್ದವು. ಇಂಥ ಗಡಿಬಿಡಿಯಲ್ಲಿ ಬೆಳಗಿನ ಬಸ್ಸನ್ನು ವೇಗದೂತ ಮಾಡಿಬಿಟ್ಟರು. ವೇಗವೇನೂ ಬರಲಿಲ್ಲ. ಬಿಣಗಾದವರಿಗೆ ಇದ್ದ ಒಂದು ಬಸ್ಸು ತಪ್ಪಿತು, ಅಷ್ಟೇ.

ಮಾವಶಿ ಬಿಟ್ಟಾಳೆಯೇ? ಮೊದಲ ದಿನವೇ ರಸ್ತೆಯ ನಡುವೆ ನಿಂತಳು. ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಹುಬ್ಬಳ್ಳಿ ಕಡೆಯ ಹೊಸಬ, ಮೀನೆಂದರೆ ಮೂಗು ಮುಚ್ಚುವವನು.

“ಯವ್ವಾ, ಈ ಗಾಡಿ ಇಲ್ಲಿ ನಿಂದ್ರಂಗಿಲ್ಲ!”

“ನಿಂತಿತಲ್ಲ ತಮಾ! ಬುಟ್ಟಿಗೆ ಒಂಚೂರು ಕೈ ಹಾಕು.”

ಪಾಪ, ಹಾಕಿದ. ಅವಳ ಬೆನ್ನಿಗೇ ಕಾರ್ಖಾನೆಯ ಕೆಲಸದವರೂ ಕಾಲೇಜಿನ ಹುಡುಗಿಯರೂ ದಡದಡ ಹತ್ತಿಕೊಂಡರು.

ಅಂಕೋಲೆಯಲ್ಲಿ ಇಳಿಯುವಾಗ ಮಾವಶಿ ಸಾಗವಾನಿ ಎಲೆಯಲ್ಲಿ ಬಂಗಡೆ ಸುತ್ತಿ ಅವನ ಕೈಗಿಟ್ಟಳು. ಅವನು ಹೌಹಾರಿದ.

“ಏನವ್ವಾ, ಲಂಚ ಕೊಡಾಕ ಹತ್ತಿಯೇನು?”

“ಲಂಚ ಎಂತಕ್ಕೆ? ಇದು ನಿಂಗಲ್ಲ, ಬಸ್ಸಿಗೆ! ಬಲೆ ಎಳೆದವ್ರಿಗೆ ಒಂದು ಪಾಲು, ದೋಣಿಗೆ ಒಂದು ಪಾಲು. ಜ್ವರ ಬಂದು ಮಲಗ್ದವ ಇದ್ರೆ ಅವನ ಮನೆಗೂ ಒಂದು ಪಾಲು. ದೋಣಿಗೆ ಕೊಟ್ಟು, ನನ್ನ ಹೊತ್ತು ತಂದ ಬಸ್ಸಿಗೆ ಕೊಡ್ದೇ ಇರೂಕೆ ಆಗ್ತಾ?”

ಡ್ರೈವರ್ ಕುಮಟೆಯವನು. ತಕ್ಷಣ ಕೈಚಾಚಿ ಬಸ್ಸಿನ ಪರವಾಗಿ ಪಾಲನ್ನು ಸ್ವೀಕರಿಸಿದ. ಆಮೇಲೆ ದಿನವೂ ಸ್ವೀಕರಿಸಿದ! ಮೀನು ಮುಟ್ಟದ ಕಂಡಕ್ಟರನಿಗೆ ಹಂಗಾಮಿನಲ್ಲಿ ಕರಿ ಈಶಾಡು ಮಾವಿನಹಣ್ಣು ಸಿಗತೊಡಗಿತು. ಅವನೂ ಬುಟ್ಟಿಗೆ ಜಾಗ ಮಾಡುವುದನ್ನು ಕಲಿತ.

ಒಮ್ಮೆ ಅಂಕೋಲೆಯ ಹೊರಗೆ ಲಾರಿಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡು ರಸ್ತೆಯೇ ಮುಚ್ಚಿಹೋಯಿತು. ಬಿಸಿಲೇರುತ್ತಿತ್ತು, ಬುಟ್ಟಿಯಲ್ಲಿ ಮೀನು. ಮಾವಶಿ ಕಚ್ಚೆ ಬಿಗಿದು ಇಳಿದೇಬಿಟ್ಟಳು, ಬುಟ್ಟಿ ಸಮೇತ! ಬಂದರಿನಲ್ಲಿ ದೋಣಿ ಬಿಡಿಸಿದಂತೆ, “ನೀ ಹಿಂದೆ ಹೋಗು, ನೀ ಬದಿಗೆ ಸರಿ!” ಎಂದು ಆಜ್ಞೆ ಶುರು. ಒಬ್ಬ ಲಾರಿಯವನು ಜಗ್ಗಲಿಲ್ಲ.

“ಸರೀತ್ಯೋ, ಬುಟ್ಟಿ ನೀರು ನಿನ್ನ ಸೀಟಿಗೆ ಹೊಯ್ಲೋ?”

ಲಾರಿ ಸರಿಯಿತು. ಬಸ್ಸಿನ ಜನ ಚಪ್ಪಾಳೆ ತಟ್ಟಿದರು. ಇವಳು ನನ್ನ ಮಾವಶಿ ಎಂದು ಎದ್ದುನಿಂತು ಕೂಗಬೇಕೆನಿಸಿತು. ಹೆಮ್ಮೆಗೆ ನನ್ನ ಎದೆ ಬುಶ್‌ಶರ್ಟಿನ ಗುಂಡಿ ಹರಿಯುವಷ್ಟು ಉಬ್ಬಿತ್ತು!

ಮುಂದೆ ರಸ್ತೆ ಅಗಲ ಮಾಡಿ ಟೋಲ್ ವಸೂಲಿ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಬಸ್ಸಿಡೀ ಬೈದಿತು. ಮಾವಶಿ ಮಾತ್ರ ಗಂಭೀರವಾಗಿ ಯೋಚಿಸಿ ನನ್ನನ್ನು ಕೇಳಿದಳು: “ರಸ್ತೆಗೂ ಒಂದು ಪಾಲು ಬೇಕಲ್ಲ. ಅವರು ಬಂಗಡೆ ತಕಂತ್ರಾ?”

ಇಂಥವಳು ಒಂದು ಬೆಳಿಗ್ಗೆ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿ ಮಲಗಿಸಿದರೆ ಅವಳಿಗೆ ನೋವಿನ ಚಿಂತೆಯೇ ಇಲ್ಲ.

“ನಾ ಹೋಗ್ದಿದ್ರೆ ಬಸ್ಸು ನಿಲ್ಲೂದಿಲ್ಲ. ಆ ಹುಡ್ಗೀರು ಕಾಲೇಜಿಗೆ ಹ್ಯಾಂಗೆ ಹೋತ್ರು?”

ಅವಳನ್ನು ನೋಡಿಕೊಳ್ಳಲು ನಾನು ರಜೆ ಹಾಕಿದ್ದೆ. ಬಸ್ಸಿನ ವಿಷಯ ನನಗೂ ತಿಳಿಯದು. ಮೂರನೆಯ ಸಂಜೆ ಹೆದ್ದಾರಿಯಲ್ಲಿ ಹಾರ್ನ್ ಕೇಳಿತು. ಹೊರಗೆ ಬಂದರೆ, ಮನೆಯೆದುರೇ ಅಂಕೋಲೆಯಿಂದ ಮರಳುತ್ತಿದ್ದ ನಮ್ಮ ಬಸ್ಸು! ಕಿಟಕಿ ಕಿಟಕಿಯಲ್ಲೂ ಮುಖಗಳು. ಕಂಡಕ್ಟರ್ ಎರಡೇ ಬೆರಳಲ್ಲಿ ಸಾಗವಾನಿ ಎಲೆಯ ಪೊಟ್ಟಣ ಹಿಡಿದು, ಮುಖ ಅತ್ತ ತಿರುಗಿಸಿಕೊಂಡು ಬರುತ್ತಿದ್ದ.

“ಬಸ್ಸಿನವರೆಲ್ಲಾ ಕೂಡಿ ಕಳಿಸ್ಯಾರವ್ವಾ. ಮಲಗಿದವರ ಪಾಲು ಮನಿಗೆ ಹೋಗಬೇಕಂತ ನೀನ ಹೇಳಿದ್ದಿ. ಗಾಡಿ ದಿನಾ ಇಲ್ಲಿ ನಿಂದ್ರಾಕ ಹತ್ತೈತಿ, ಅದರ ಚಿಂತಿ ಬಿಡು.”

ಮಾವಶಿ ಪೊಟ್ಟಣ ಬಿಚ್ಚಿ, ಕಿವಿರು ಎತ್ತಿ ನೋಡಿದಳು. “ನಿನ್ನೆ ಮೀನು! ನನ್ನ ಬಿಟ್ಟು ಬೇರೆಯವ್ರ ಹತ್ರ ತಕಂಡ್ರೆ ಹೀಂಗೇ ಆಗೂದು!” ಎಂದು ಗದರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಇದ್ದುದರಲ್ಲಿ ದೊಡ್ಡ ಬಂಗಡೆಯನ್ನು ಆರಿಸಿ, ಮತ್ತೆ ಎಲೆಯಲ್ಲಿ ಸುತ್ತಿ ಅವನತ್ತ ಚಾಚಿದಳು.

“ತಕ ತಮಾ. ಬಸ್ಸಿನ ಪಾಲು.”

ಈ ಸಲ ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ.