ಪಂಚೆ ಒಣಗಿದರೆ ಬ್ಯಾಕಪ್ ಓಡುತ್ತದೆ

ಕಂಪ್ಯೂಟರ್ ನಿಧಾನ ಎಂದು ಯಾರು ಕರೆದರೂ ನಾನು ಹೋಗುತ್ತೇನೆ, ಹೋದ ಮನೆಯಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಯಂತ್ರದ ತಪ್ಪು ಹತ್ತು ನಿಮಿಷದಲ್ಲಿ ಸಿಗುತ್ತದೆ. ಯಂತ್ರದ ಸುತ್ತ ಇರುವವರ ತಪ್ಪು ಸಿಗಲು ಒಂದು ವಾರ ಬೇಕು, ಅವರಿಗೆ ಬಿಡಿಭಾಗವೂ ಸಿಗುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಒಂದೇ ಮನೆಯನ್ನು ಹಿಡಿದು, ಒಂದೇ ನವರಾತ್ರಿಯ ಹೊತ್ತಿಗೆ ನಡೆದದ್ದು. ಎರಡು ಸಾವಿರದ ಐದೋ ಆರೋ ಇಸವಿ. ಪದ್ಮನಾಭನಗರದಲ್ಲಿ ನಮ್ಮ ಬ್ಲಾಕಿನ ಪಾರ್ಕಿನ ಮೇಲೆ ಒಬ್ಬ ಕಂಟ್ರಾಕ್ಟರನ ಕಣ್ಣು ಬಿದ್ದಿತ್ತು. ಅದು ಪಾರ್ಕೇ ಅಲ್ಲ, ಖಾಲಿ ಸೈಟು, ಕಾಂಪ್ಲೆಕ್ಸ್ ಕಟ್ಟುತ್ತೇನೆ ಎಂದು ಅವನು ಬೋರ್ಡು ನೆಟ್ಟ. ನಾವು ಕಿತ್ತೆವು. ಅವನು ಮತ್ತೆ ನೆಟ್ಟ. ನಾವು ಮತ್ತೆ ಕಿತ್ತೆವು. ಕೊನೆಗೆ ವಿಜಯದಶಮಿಯ ಮಾರನೇ ದಿನ ವಿಚಾರಣೆ ಎಂದು ಪಾಲಿಕೆ ಕಚೇರಿಯಿಂದ ನೋಟಿಸ್ ಬಂತು.

ಅದು ಪಾರ್ಕು ಎನ್ನುವುದಕ್ಕೆ ಹಳೆಯ ಬಡಾವಣೆ ನಕ್ಷೆ ಇತ್ತು, ಪತ್ರಗಳಿದ್ದವು, ಫೋಟೋಗಳಿದ್ದವು. ಮೂಲ ಕಾಗದಗಳನ್ನು ಅದೇ ಕಚೇರಿ ಕೇಳಿ ಇಸಿದುಕೊಂಡು, ಸೀಲು ಒತ್ತಿ ಸ್ವೀಕೃತಿ ಕೊಟ್ಟು, ಆಮೇಲೆ ಕಳೆದುಹಾಕಿತ್ತು. ಈ ದೇಶದಲ್ಲಿ ಕಾಗದ ಕಳೆಯಬೇಕೆಂದರೆ ಅದನ್ನು ಕಪಾಟಿನಲ್ಲಿ ಭದ್ರವಾಗಿ ಇಡುವ ಜನರ ಕೈಗೇ ಕೊಡಬೇಕು. ನಮಗೆ ಉಳಿದದ್ದು ಸ್ಕ್ಯಾನ್ ಮಾಡಿಟ್ಟ ಪ್ರತಿಗಳು ಮಾತ್ರ. ಅವು ಇದ್ದದ್ದು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಮನೆಯ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರ್ ಸಾಯುತ್ತಿತ್ತು.

೧. ಗಡಿಯಾರದ ಅಂಗಡಿ

ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು. ವಿಚಾರಣೆಗೆ ಆರು ದಿನ ಇದೆ ಎನ್ನುವಾಗ ನಕ್ಷೆಯ ಪ್ರತಿ ತೆಗೆಯಲು ಅವರ ಮನೆಗೆ ಹೋದೆ. ಕಂಪ್ಯೂಟರಿನ ಒಳಗಿಂದ ಟಿಕ್, ಟಿಕ್ ಎಂದು ಕೇಳಿಸಿತು. ಫೈಲುಗಳೆಲ್ಲ ಕೂತಿರುವ ಡಿಸ್ಕ್ ಹಾಗೆ ಸದ್ದು ಮಾಡಿದರೆ ಅದರ ಆಯುಸ್ಸು ಮುಗಿಯಿತು ಎಂದೇ ಲೆಕ್ಕ.

"ಸಾರ್, ಈ ಸದ್ದು ಯಾವಾಗಿಂದ ಬರ್ತಿದೆ?"

"ಹದಿನೈದು ದಿನ ಆಯ್ತಪ್ಪ. ಅದರ ಮೇಲೇ ಗೋಡೆ ಗಡಿಯಾರ ಇತ್ತು ನೋಡಿ, ಅದರದ್ದೇ ಅಂದ್ಕೊಂಡೆ. ಸೆಲ್ ಬದಲಾಯಿಸಿದೆ, ನಿಲ್ಲಲಿಲ್ಲ. ರಿಪೇರಿಗೆ ಕೊಟ್ಟೆ."

ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ದುಂಡಗಿನ ಕಲೆ ಮಾತ್ರ ಇತ್ತು.

"ಗಡಿಯಾರ ಅಂಗಡೀಲಿದೆ. ಸದ್ದು ಇಲ್ಲೇ ಇದೆಯಲ್ಲ ಸಾರ್?"

"ಅದೇ ನಾನೂ ಅವನಿಗೆ ಹೇಳಿದ್ದು. ಎಂಥಾ ರಿಪೇರಿ ಮಾಡ್ತಿದೀಯ, ಗಡಿಯಾರ ನಿನ್ನ ಹತ್ರ ಇದ್ರೂ ಸದ್ದು ನಮ್ಮನೇಲಿ ಬರ್ತಿದೆ ಅಂತ ಚೆನ್ನಾಗಿ ಬೈದು ಬಂದಿದೀನಿ."

೨. ಉಳಿದ ಸಮಯ

ಆ ಯಂತ್ರದಲ್ಲಿ ಸಿ.ಡಿ. ಬರೆಯುವ ಸೌಲಭ್ಯ ಇರಲಿಲ್ಲ, ಪೆನ್ ಡ್ರೈವ್ ಎಂದರೆ ಅದಕ್ಕೆ ಗೊತ್ತೇ ಇರಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಡೆ ಜೋಡಿಸಬೇಕೆಂದರೆ ಮೊದಲು ಯಂತ್ರ ಆರಿಸಬೇಕು. ಆ ಸ್ಥಿತಿಯಲ್ಲಿ ಒಮ್ಮೆ ಮಲಗಿದ ಡಿಸ್ಕ್ ಮತ್ತೆ ಏಳುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಹಾಗಾಗಿ ಯಂತ್ರವನ್ನು ಆರಿಸದೆ, ವೈರಿನ ಮೂಲಕವೇ ಎಲ್ಲವನ್ನೂ ಇನ್ನೊಂದು ಕಂಪ್ಯೂಟರಿಗೆ ಸಾಗಿಸಬೇಕು. ಮೊದಲ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಬಾಡಿಗೆದಾರನೊಬ್ಬನಿದ್ದ. ಅವನದು ಹೊಸ ಯಂತ್ರ, ದೊಡ್ಡ ಡಿಸ್ಕ್, ಸಿ.ಡಿ.ಯೂ ಬರೆಯುತ್ತಿತ್ತು. ಎರಡೂ ಮಹಡಿಯ ವೈರುಗಳು ಕೆಳಗಿನ ಹಾಲಿನಲ್ಲಿದ್ದ ಹಬ್ ಎಂಬ ಪುಟ್ಟ ಡಬ್ಬಿಗೆ ಬಂದು ಸೇರುತ್ತಿದ್ದವು. ಒಂದೇ ಇಂಟರ್ನೆಟ್ಟನ್ನು ಇಬ್ಬರೂ ಹಂಚಿಕೊಳ್ಳಲಿ ಎಂದು ಅದನ್ನು ಹಿಂದೆ ಜೋಡಿಸಿಕೊಟ್ಟವನು ನಾನೇ.

ಕಾಪಿ ಶುರು ಮಾಡಿದೆ. ಉಳಿದ ಸಮಯ ನಲವತ್ತು ನಿಮಿಷ ಎಂದು ಪರದೆ ಹೇಳಿತು. ಕಾರ್ಯದರ್ಶಿಗಳಿಗೆ ನೋಡಿಕೊಳ್ಳಿ ಎಂದು ಹೇಳಿ ತ್ಯಾಗರಾಜನಗರಕ್ಕೆ ಬೇರೊಂದು ರಿಪೇರಿಗೆ ಹೋದೆ. ಅಲ್ಲಿ ಕೂತು ಬ್ಯಾಗು ತೆರೆಯುವಷ್ಟರಲ್ಲಿ ಫೋನು.

"ಈಗ ಒಂಬತ್ತು ಗಂಟೆ ಅಂತಿದೆ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಈಗ ಮೂವತ್ತೊಂದು ಗಂಟೆ."

ಮತ್ತೆ ಫೋನು. "ಹನ್ನೆರಡು ನಿಮಿಷಕ್ಕೆ ಇಳೀತು. ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಎರಡು ದಿನ ಆಗೋಗಿದೆ."

ಸಂಜೆ ಹೋದಾಗ ಅವರು ನೋಟುಬುಕ್ಕಿನಲ್ಲಿ ಗೆರೆ ಎಳೆದು, ಎಷ್ಟೆಷ್ಟು ಹೊತ್ತಿಗೆ ಯಂತ್ರ ಏನೇನು ಹೇಳಿತು ಎಂದು ಪೂರ್ತಿ ಪಟ್ಟಿ ಮಾಡಿಟ್ಟಿದ್ದರು. ಮೂವತ್ತೈದು ವರ್ಷ ಮಕ್ಕಳ ಹಾಜರಿ ಬರೆದ ಕೈ ಅದು.

"ಇದಕ್ಕೆ ಹಾಜರಿ ಹಾಕಿ ಪ್ರಯೋಜನ ಇಲ್ಲಪ್ಪ," ಎಂದರು. "ಬಾಯಿಗೆ ಬಂದ ಟೈಮ್ ಹೇಳುತ್ತೆ, ಕೇಳಿದರೆ ಮುಖ ತಿರುಗಿಸ್ಕೊಂಡು ಕೂರುತ್ತೆ. ಇದು ಮೊದಲು ಯಾವ ಕಚೇರೀಲಿತ್ತು?"

೩. ಪಂಚೆ

ಮಾರನೇ ದಿನವೂ ಅದೇ ಪಾಡು. ಮಧ್ಯೆ ಮಧ್ಯೆ ಕಾಪಿ ನಿಂತುಹೋಗುತ್ತಿತ್ತು, ನಿಂತರೆ ಮೊದಲಿನಿಂದ ಶುರು ಮಾಡಬೇಕು. ನಾನು ಕೂತಲ್ಲಿ ಕೂರಲಾರದೆ ಮೇಲೆ ಕೆಳಗೆ ಓಡಾಡುತ್ತಿದ್ದೆ. ಕಂಟ್ರಾಕ್ಟರ್ ಆಗಲೇ ಪಾರ್ಕಿನ ಬಾಗಿಲಿಗೆ ಮರಳು ತಂದು ಸುರಿದಿದ್ದ. ಇಲ್ಲಿ ನೋಡಿದರೆ ನಮ್ಮ ನಕ್ಷೆ ಮೆಟ್ಟಿಲೇ ಹತ್ತುತ್ತಿಲ್ಲ.

ಬಾಡಿಗೆದಾರ ಹುಷಾರಿನವನು. ಎರಡು ದಿನ ಗಮನಿಸಿ ಹೇಳಿದ. "ಸರ, ಮುಂಜಾನೆ ಭಾಳ ನಿಧಾನ ಹೊಕ್ಕೈತ್ರಿ. ಮಧ್ಯಾಹ್ನದ ಮ್ಯಾಲೆ ಚಲೋ ಓಡ್ತೈತಿ. ಯಾಕಂತೀನಿ?"

"ಬೆಳಿಗ್ಗೆ ಇಡೀ ಬೆಂಗಳೂರು ಇಂಟರ್ನೆಟ್ ಹಾಕಿರುತ್ತಲ್ಲ, ಅದಕ್ಕೆ," ಎಂದರು ಕಾರ್ಯದರ್ಶಿಗಳು.

"ಸಾರ್, ಇದು ನಿಮ್ಮ ಮನೆಯಿಂದ ನಿಮ್ಮ ಮನೆಗೇ ಹೋಗ್ತಿರೋದು. ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?"

"ಹಾಗಾದ್ರೆ ಬಿಸಿಲಿಗೆ ವೈರು ಹಿಗ್ಗುತ್ತೇನೋ. ದಾರಿ ಅಗಲ ಆಗುತ್ತೆ."

ಮಾತಾಡಿ ಪ್ರಯೋಜನವಿಲ್ಲ ಎಂದು ವೈರು ಹಿಡಿದು ಹೊರಟೆ. ಹಾಲಿನ ಕಿಟಕಿಯಿಂದ ಹೊರಗೆ ಹೋಗಿ, ಹಿತ್ತಿಲ ಮೇಲೆ ಹಾದು, ಮೇಲಿನ ಕಿಟಕಿಗೆ ಏರುವ ವೈರು ಅದು. ಹಿತ್ತಿಲಿಗೆ ಹೋಗಿ ತಲೆ ಎತ್ತಿದೆ. ಕಾರ್ಯದರ್ಶಿಗಳ ಎರಡು ಒದ್ದೆ ಪಂಚೆ, ಮೂರು ಟವೆಲ್ಲು, ಒಂದು ದಿಂಬಿನ ಕವರು. ಎಲ್ಲವೂ ಕ್ಲಿಪ್ಪು ಹಾಕಿಸಿಕೊಂಡು ನಮ್ಮ ವೈರಿನ ಮೇಲೆ ತೂಗುತ್ತಿದ್ದವು. ಬಟ್ಟೆ ಒದ್ದೆಯಿದ್ದಾಗ ಭಾರಕ್ಕೆ ವೈರು ಜಗ್ಗಿ ಹಬ್ಬಿನ ಕಡೆಯ ತುದಿ ಅರ್ಧ ಹೊರಗೆ ಬರುತ್ತಿತ್ತು. ಒಣಗಿದ ಮೇಲೆ ಹಗುರಾಗಿ ಸರಿಹೋಗುತ್ತಿತ್ತು. ಎರಡು ದಿನದಿಂದ ನಮ್ಮ ಬಡಾವಣೆಯ ಭವಿಷ್ಯ ಆ ಪಂಚೆಗಳು ಒಣಗುವುದನ್ನೇ ಕಾಯುತ್ತಿತ್ತು.

ಕಾರ್ಯದರ್ಶಿಗಳ ಹೆಂಡತಿಯನ್ನು ಕೇಳಿದೆ. "ಆಂಟಿ, ಇದರ ಮೇಲೆ ಯಾಕೆ ಒಣಗಾಕಿದ್ರಿ?"

"ನೀವೇ ತಾನೆ ಕಟ್ಟಿಕೊಟ್ಟಿದ್ದು? ಒಳ್ಳೇ ವೈರು, ತುಕ್ಕು ಹಿಡಿಯಲ್ಲ, ಕಲೆ ಆಗಲ್ಲ. ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಬೇಕಿತ್ತು ನೋಡಿ."

೪. ಮೂರನೇ ವೈರು

ಪಂಚೆಗೆ ಬೇರೆ ಹಗ್ಗ ಕಟ್ಟಿಕೊಟ್ಟೆ. ಕಾಪಿ ನಿಲ್ಲುವುದು ತಪ್ಪಿತು, ಆದರೆ ವೇಗ ಏರಲಿಲ್ಲ. ಹಬ್ಬಿನ ಮುಂದೆ ಕೂತು ವೈರು ಎಣಿಸಿದೆ. ಇಂಟರ್ನೆಟ್ಟಿನದು ಒಂದು, ಕೆಳಗಿನ ಕಂಪ್ಯೂಟರಿನದು ಒಂದು, ಮೇಲಿನದು ಒಂದು. ಮೇಲಕ್ಕೆ ಹೋದ ವೈರನ್ನು ಹಿಡಿದು ಹತ್ತಿದರೆ, ಬಾಡಿಗೆದಾರನ ಮಂಚದ ಕೆಳಗೆ ಇನ್ನೊಂದು ಡಬ್ಬಿ. ಅದರಿಂದ ಮತ್ತೊಂದು ವೈರು ಹೊರಟು ಕಿಟಕಿ ದಾಟಿ, ಕಾಂಪೌಂಡು ದಾಟಿ, ಪಕ್ಕದ ಕಟ್ಟಡಕ್ಕೆ ಹೋಗಿತ್ತು. ಅಲ್ಲಿ ನಾಲ್ವರು ಬ್ಯಾಚುಲರುಗಳಿದ್ದರು.

"ಏನಯ್ಯಾ ಇದು?"

ಬಾಡಿಗೆದಾರ ತಲೆ ಕೆರೆದುಕೊಂಡ. "ತಪ್ಪಾತ್ರಿ ಸರ. ಕೆಳಗಿನ ಕಂಪ್ಯೂಟರಿನ್ಯಾಗ ಅವ್ರು ತಮ್ಮ ಸಿನಿಮಾ ಇಟ್ಟಾರ್ರಿ, ಹಾಡಿನ ಫೋಲ್ಡರ್ ಅಂತ ಹೆಸರು ಕೊಟ್ಟು. ಅಲ್ಲಿಂದನ ಹಚ್ಚಿ ನೋಡ್ತಾರ. ಅಂಕಲ್‌ಗ ಗೊತ್ತಿಲ್ರಿ."

ಸಾಯುತ್ತಿರುವ ಡಿಸ್ಕಿನ ಮೇಲೆ ಸಿನಿಮಾ. ನನಗೆ ಬಂದ ಸಿಟ್ಟಿಗೆ ಆ ವೈರನ್ನು ಕಿತ್ತೇಬಿಟ್ಟೆ. ಒಂದು ನಿಮಿಷವೂ ಆಗಿಲ್ಲ, ಪಕ್ಕದ ಕಟ್ಟಡದಿಂದ ದನಿ ಬಂತು. "ಲೋ ಮಗಾ, ನಿಂತೋಯ್ತು ಕಣೋ. ವಿಲನ್ ಬಾಗಿಲು ಒದೀತಿದ್ದ."

ನಾನು ಕಿಟಕಿಗೆ ಹೋಗಿ ನಿಂತೆ. ನಾಲ್ಕೂ ತಲೆ ಆಚೆ ಬಂದವು. "ನೀವು ಭಾನುವಾರ ಕ್ರಿಕೆಟ್ ಆಡೋದು ಎಲ್ಲಿ?" ಎಂದು ಕೇಳಿದೆ.

"ಪಾರ್ಕಲ್ಲಿ ಅಂಕಲ್."

"ಆ ಪಾರ್ಕು ಹೋಗುತ್ತೆ. ನಿಮ್ಮ ಸಿನಿಮಾ ಓಡ್ತಿರೋ ಡಿಸ್ಕಲ್ಲೇ ಅದರ ನಕ್ಷೆ ಇದೆ. ಅದು ಈಚೆ ಬರೋಕೆ ನೀವೇ ಅಡ್ಡ. ಬಂದು ನಮ್ಮ ಮನವಿಗೆ ಸಹಿ ಹಾಕಿ."

ನಾಲ್ವರೂ ಗುಸುಗುಸು ಮಾತಾಡಿಕೊಂಡರು. ಒಬ್ಬ ಮುಂದೆ ಬಂದ.

"ಸಹಿ ಹಾಕ್ತೀವಿ ಅಂಕಲ್, ಹೋರಾಟಕ್ಕೂ ಬರ್ತೀವಿ. ಬಾಗಿಲು ಮುರಿದ್ನಾ ಇಲ್ವಾ, ಅಷ್ಟು ನೋಡ್ಕೊಂಡು ಬರ್ತೀವಿ."

೫. ಡಬ್ಬಿಗೆ ರಜೆ

ಸಿನಿಮಾದ ವೈರು ಕಿತ್ತ ಮೇಲೂ ಕಾಪಿ ತೆವಳುತ್ತಲೇ ಇತ್ತು, ಆಯುಧಪೂಜೆಯ ದಿನ ಬಂತು. ಅಷ್ಟು ಹೊತ್ತಿಗೆ ಪತ್ರಗಳು ಮತ್ತು ಫೋಟೋಗಳು ಮೇಲೆ ಹೋಗಿದ್ದವು. ನಕ್ಷೆಯ ಫೋಲ್ಡರು ಬಾಕಿ ಇತ್ತು. ಅದೇ ಎಲ್ಲಕ್ಕಿಂತ ದೊಡ್ಡದು ಎಂದು ಕೊನೆಗೆ ಇಟ್ಟಿದ್ದೆ, ಅದೇ ಮುಖ್ಯವಾದದ್ದು. ಡಿಸ್ಕಿನ ಟಿಕ್ ಟಿಕ್ ಈಗ ಬಾಗಿಲಿಗೇ ಕೇಳಿಸುತ್ತಿತ್ತು. ಏನೇ ಆದರೂ ಕಂಪ್ಯೂಟರ್ ಆರಿಸಬೇಡಿ, ಹಬ್ಬ ಅಂತ ಮುಟ್ಟಲೂ ಬೇಡಿ ಎಂದು ಆಂಟಿಗೆ ಹಿಂದಿನ ದಿನವೇ ಕೈಮುಗಿದು ಹೇಳಿ ಬಂದಿದ್ದೆ.

ಬೆಳಿಗ್ಗೆ ಹೋದರೆ ಕಂಪ್ಯೂಟರ್ ಹಾಗೇ ಓಡುತ್ತಿತ್ತು, ಯಾರೂ ಮುಟ್ಟಿರಲಿಲ್ಲ. ಕಾಪಿ ಮಾತ್ರ ನಿಂತಿತ್ತು. ಹಬ್ಬಿನ ಜಾಗ ಖಾಲಿ. ದೇವರ ಮನೆಗೆ ಇಣುಕಿದೆ. ಈಳಿಗೆಮಣೆ, ಕತ್ತರಿ, ಸುತ್ತಿಗೆ, ಸ್ಕೂಟರಿನ ಸ್ಪ್ಯಾನರು. ಅವುಗಳ ನಡುವೆ ನಮ್ಮ ಹಬ್ಬು, ಸೇವಂತಿಗೆ ಮುಡಿದು ಕೂತಿತ್ತು. ವೈರು ಚುಚ್ಚುವ ಎಂಟು ತೂತಿಗೂ ಅರಿಶಿನ ಕುಂಕುಮ.

"ಆಂಟಿ, ಮುಟ್ಟಬೇಡಿ ಅಂತ ಹೇಳಿದ್ನಲ್ಲ."

"ಕಂಪ್ಯೂಟರ್ ಮುಟ್ಟಬೇಡಿ ಅಂದ್ರಿ, ಮುಟ್ಟಲಿಲ್ಲ. ದೂರದಿಂದಲೇ ಹೂ ಹಾಕಿದೆ. ಈ ಡಬ್ಬಿ ವಿಷಯ ನೀವೇನೂ ಹೇಳಿರಲಿಲ್ಲವಲ್ಲಪ್ಪ. ವರ್ಷವೆಲ್ಲ ಮಿಣಿಮಿಣಿ ಅಂತ ಅದೊಂದೇ ದುಡಿಯುತ್ತೆ. ಒಂದು ದಿನ ಸುಮ್ಮನಿರಲಿ."

"ಒಂದು ಗಂಟೆ ಕೊಡಿ ಆಂಟಿ, ಮತ್ತೆ ಇಲ್ಲೇ ತಂದಿಡ್ತೀನಿ."

"ಪೂಜೆಗೆ ಇಟ್ಟಿದ್ದನ್ನ ನಾಳೆ ಪುನರ್ಪೂಜೆ ಆಗೋವರೆಗೂ ಅಲುಗಾಡಿಸಲ್ಲ."

ಕಂಟ್ರಾಕ್ಟರನ ಬೋರ್ಡನ್ನೇ ಎರಡು ಸಲ ಕಿತ್ತವನು ನಾನು. ಈಳಿಗೆಮಣೆಯ ಪಕ್ಕ ಕೂತಿದ್ದ ಆ ಹೆಂಗಸಿನ ಎದುರಿನಿಂದ ಹಿಂದೆ ಸರಿದು ಹಾಲಿಗೆ ಬಂದೆ. ಅಷ್ಟರಲ್ಲಿ ಬಾಡಿಗೆದಾರ ಪಕ್ಕದ ಕಟ್ಟಡದ ಬ್ಯಾಚುಲರುಗಳನ್ನು ಕರೆತಂದ. ಅವರ ಹತ್ತಿರ ಎರಡು ಕಂಪ್ಯೂಟರುಗಳನ್ನು ಮಧ್ಯೆ ಡಬ್ಬಿಯಿಲ್ಲದೆ ನೇರವಾಗಿ ಜೋಡಿಸುವ ಉದ್ದನೆಯ ವೈರಿತ್ತು. ಮೆಟ್ಟಿಲ ಮೇಲೆ ಹಾಸಿ ಎರಡೂ ತುದಿ ಚುಚ್ಚಿದೆವು. ಐದು ದಿನ ನಮ್ಮನ್ನು ಕುಣಿಸಿದ್ದ ಕಾಪಿ, ಆಂಟಿ ಕೊಟ್ಟ ಕೋಸಂಬರಿ ತಿಂದು ಮುಗಿಸುವಷ್ಟರಲ್ಲಿ ಮುಗಿದುಹೋಯಿತು.

ಇಷ್ಟು ದಿನ ನಾನು ಪಂಚೆಯನ್ನು ಬೈದೆ, ಸಿನಿಮಾ ಬೈದೆ, ಬಾಡಿಗೆದಾರನನ್ನು ಬೈದೆ. ನಿಧಾನವಾಗಿದ್ದದ್ದು ಆ ಹಳೆಯ ಡಬ್ಬಿ. ಅದನ್ನು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಆರಿಸಿ, ಇದು ಇನ್ನೂ ಹತ್ತು ವರ್ಷ ಬರುತ್ತೆ ಎಂದು ಹೊಗಳಿ ತಂದುಕೊಟ್ಟವನು ನಾನು.

ಆಂಟಿ ಇನ್ನೊಂದು ದೊನ್ನೆ ಕೋಸಂಬರಿ ಕೊಟ್ಟು ಹೇಳಿದರು. "ನಾನು ನೋಡಿದ ಕೂಡಲೇ ಹೇಳಿದೆ, ಪಾಪ ಅದಕ್ಕೆ ಸುಸ್ತಾಗಿದೆ ಅಂತ. ನೀವು ಇಷ್ಟು ದಿನ ಏನು ನೋಡ್ತಿದ್ರಿ?"

೬. ಕಚೇರಿಯ ನಿಧಾನ

ವಿಚಾರಣೆಯ ದಿನ ಸಿ.ಡಿ. ಹಿಡಿದು ಕಾರ್ಯದರ್ಶಿಗಳು, ನಾನು, ನಾಲ್ವರು ಬ್ಯಾಚುಲರುಗಳು ಕಚೇರಿಗೆ ಹೋದೆವು. ಕಂಟ್ರಾಕ್ಟರ್ ವಕೀಲನ ಜೊತೆ ಬಂದು ಫ್ಯಾನಿನ ಕೆಳಗೇ ಕೂತಿದ್ದ. ಅಧಿಕಾರಿ ನಮ್ಮ ನಕ್ಷೆಯನ್ನು ಪರದೆಯ ಮೇಲೆ ನೋಡಿ ತಲೆ ಅಲ್ಲಾಡಿಸಿದರು.

"ಇದು ಬರೀ ಪ್ರತಿ. ನಮ್ಮ ದಾಖಲೆ ಜೊತೆ ತಾಳೆ ಆಗ್ಬೇಕು."

"ಮೂಲೆಯಲ್ಲಿ ಕಡತದ ನಂಬರ್ ಇದೆ ನೋಡಿ ಸಾರ್," ಎಂದರು ಕಾರ್ಯದರ್ಶಿಗಳು. "ನಿಮ್ಮದೇ ನಂಬರು. ಹುಡುಕಿ."

"ಕಡತ ಎಲ್ಲಾ ಕಂಪ್ಯೂಟರಿಗೆ ಹಾಕಿ ಆಗಿದೆ. ಅದು ಪಕ್ಕದ ರೆಕಾರ್ಡ್ ರೂಮಲ್ಲಿದೆ. ಇಲ್ಲಿಂದ ನೋಡೋಣ ಅಂದ್ರೆ ನೆಟ್‌ವರ್ಕ್ ತುಂಬಾ ಸ್ಲೋ. ಮುಂದಿನ ತಿಂಗಳು ಬನ್ನಿ."

ವಕೀಲ ಎದ್ದು ನಿಂತು ಕೋಟು ಸರಿಮಾಡಿಕೊಂಡ. ಮುಂದಿನ ತಿಂಗಳು ಎಂದರೆ ಅಷ್ಟರಲ್ಲಿ ಪಾಯ ಬಿದ್ದಿರುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಯಾರನ್ನೂ ಕೇಳದೆ ಅಧಿಕಾರಿಯ ಮೇಜಿನ ಕೆಳಗೆ ನುಗ್ಗಿದೆ.

"ರೀ, ಏನ್ರೀ ಮಾಡ್ತಿದೀರಾ?"

"ಸ್ಲೋ ಅಂದ್ರಲ್ಲ ಸಾರ್, ನೋಡ್ತಿದೀನಿ."

ಕಂಪ್ಯೂಟರಿನ ಹಿಂದಿನಿಂದ ವೈರು ಹೊರಟಿತ್ತು. ಬೀರುವಿನ ಹಿಂದೆ ಹೋಗಿ, ಗೋಡೆಗುಂಟ ಸಾಗಿ, ಬಾಗಿಲ ಮೇಲಿನಿಂದ ಕಾರಿಡಾರಿಗೆ ಬಂತು. ನಾನೂ ಬಂದೆ. ನನ್ನ ಹಿಂದೆ ಅಧಿಕಾರಿ, ಗುಮಾಸ್ತ, ಕಾರ್ಯದರ್ಶಿಗಳು, ಬ್ಯಾಚುಲರುಗಳು, ಕೊನೆಯಲ್ಲಿ ವಕೀಲ. ರೆಕಾರ್ಡ್ ರೂಮಿನ ಕಿಟಕಿಯವರೆಗೆ ಬಂದು ವೈರು ಮುಗಿಯಿತು. ಅದರ ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಯಾರೋ ನೀಟಾಗಿ ಗಂಟು ಹಾಕಿದ್ದರು. ಆಚೆಗೆ ಏನೂ ಇರಲಿಲ್ಲ.

"ಬಣ್ಣ ಹೊಡೆಯೋರು ಬಂದಿದ್ರಲ್ಲ, ಆಗ ಬಿಚ್ಚಿರಬೇಕು," ಎಂದ ಗುಮಾಸ್ತ.

"ಬಣ್ಣ ಹೊಡೆದು ಎಷ್ಟು ದಿನ ಆಯ್ತು?"

"ನಾನು ಬರೋಕೆ ಮುಂಚೆ. ನಾನು ಬಂದೇ ಎರಡು ವರ್ಷ ಆಯ್ತು. ಆವತ್ತಿಂದ ಸ್ಲೋನೇ ಇದೆ."

ಗಂಟು ಬಿಚ್ಚಿದೆ. ಕಿಟಕಿಯೊಳಗೆ ಕೈ ತೂರಿಸಿ, ಒಳಗಿದ್ದ ಡಬ್ಬಿಗೆ ತುದಿ ಚುಚ್ಚಿದೆ. ಎಲ್ಲರೂ ಮತ್ತೆ ಮೆರವಣಿಗೆಯಲ್ಲಿ ವಾಪಸು ಬಂದೆವು. ಕಾರ್ಯದರ್ಶಿಗಳು ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಅಂಕಿ ಬಿಡಿಸಿ ಹೇಳಿದರು, ಗುಮಾಸ್ತ ಒತ್ತಿದ. ನಕ್ಷೆ ಬಂತು. ನಾವು ಕೊಟ್ಟು ಕಳೆದುಹೋಗಿದ್ದ ಕಾಗದಗಳೂ ಅದರ ಹಿಂದೆಯೇ ಬಂದವು. ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಬಣ್ಣ, ಮೇಲೆ ಉದ್ಯಾನ ಎಂದು ದಪ್ಪ ಅಕ್ಷರ.

ಕಂಟ್ರಾಕ್ಟರ್ ವಕೀಲನ ಮುಖ ನೋಡಿದ. ವಕೀಲ ಫ್ಯಾನು ನೋಡಿದ. ಅಧಿಕಾರಿ ಕೆಮ್ಮಿ, ಈ ಜಾಗ ಉದ್ಯಾನಕ್ಕೆ ಮೀಸಲು, ಇಲ್ಲಿ ಯಾವ ಕಟ್ಟಡಕ್ಕೂ ಅವಕಾಶವಿಲ್ಲ ಎಂದು ಬರೆದು, ನಮ್ಮೆದುರೇ ಸಹಿ ಹಾಕಿ ಸೀಲು ಒತ್ತಿದರು. ಬ್ಯಾಚುಲರುಗಳು ಅಲ್ಲೇ ಕಾರಿಡಾರಿನಲ್ಲಿ ಭಾನುವಾರದ ಟೀಮು ಆರಿಸತೊಡಗಿದರು.

ನಾನು ಆದೇಶದ ಪ್ರತಿ ಮಡಚಿ ಜೇಬಿಗಿಟ್ಟು ಹೊರಟೆ. ಅಧಿಕಾರಿ ಬಾಗಿಲವರೆಗೆ ಬಂದು, ಅಕ್ಕಪಕ್ಕ ನೋಡಿ, ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು.

"ಅಲ್ಲಾ ಸ್ವಾಮಿ, ಈಗ ಒತ್ತಿದ ಕೂಡಲೇ ಎಲ್ಲಾ ಕಡತ ಸಿಕ್ತಿದೆ. ನಾಳೆಯಿಂದ ಬಂದವರಿಗೆ ನಾನು ಏನಂತ ಹೇಳಿ ಕಳಿಸ್ಲಿ?"