ಎರಡು ವೀಳ್ಯದ ಆಲ್‌ರೌಂಡರ್

ಗೊಂದಲವೆಲ್ಲ ಶುರುವಾದದ್ದು ಚಮನಬಿಯ ಬಾಯಿಂದ. ಏನಾದರೂ ಅಂದಿದ್ದರೆ ಮುಂದೆ ತಿದ್ದಿಕೊಳ್ಳಬಹುದಿತ್ತು. ಆಕೆ ತಿಂದುಬಿಟ್ಟಿದ್ದಳು.

ಭಾನುವಾರ ಮುಂಜಾನೆ ದಾದಾಪೀರ ಜಳಕ ಮುಗಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೊರಗೆ ಬಂದಾಗ ಅವನ ತಾಯಿ ಚಮನಬಿ ಕಟ್ಟೆಯ ಮೇಲೆ ಕೂತು ಕೆಂಪಗೆ ನಗುತ್ತಿದ್ದಳು.

"ಎಲಿ ಭಾಳ ಚಲೋ ಅದಾವು ಬೇಟಾ. ಹಿರೇಕೆರೂರಿನ ಕನಕಪ್ಪ ಬಂದಿದ್ದ. ನೀ ಜಳಕಕ್ಕ ಹೋಗಿದ್ದಿ, ನನ್ನ ಕೈಯಾಗ ಕೊಟ್ಟು ಹೋದ."

ದಾದಾಪೀರನ ಕೈಯಿಂದ ಎಣ್ಣೆ ಬಟ್ಟಲು ಜಾರಿತು. "ಅಮ್ಮಾ! ಅದು ವೀಳ್ಯಾ!"

"ಬಾಯಾಗ ಹೋದ ಮ್ಯಾಲ ಅದಕ್ಕ ಏನ ಹೆಸರ ಇಟ್ರ ಏನಾತು?"

ಈ ಕಡೆಯ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಬಾಡಿಗೆ ಆಟಗಾರನಿಗೆ ಕಾಗದ, ಸಹಿ ಏನೂ ಇಲ್ಲ. ಐದು ಎಲೆ, ಒಂದು ಅಡಿಕೆ. ಆಟಗಾರನಾಗಲಿ, ಅವನ ಮನೆಯವರಾಗಲಿ ಅದನ್ನು ತಿಂದರೆ ಮಾತು ಕೊಟ್ಟ ಹಾಗೆ. ದಾದಾಪೀರ ಶುಕ್ರವಾರವೇ ಹಾನಗಲ್ಲಿನವರ ವೀಳ್ಯ ತಿಂದಿದ್ದ. ಇವತ್ತು ಶಿಗ್ಗಾಂವದಲ್ಲಿ ಫೈನಲ್. ಆಡುವವರು ಹಾನಗಲ್ಲು ಮತ್ತು ಹಿರೇಕೆರೂರು!

ಸವಣೂರಿನ ಖಾರಾ ಅಂಗಡಿಯಲ್ಲಿ ವಾರಕ್ಕೆ ಆರು ದಿನ ಶೇವು ಕರಿಯುವ ದಾದಾಪೀರ, ಏಳನೆಯ ದಿನ ನಾಲ್ಕು ತಾಲೂಕಿಗೆ ಬೇಕಾದ ಆಲ್‌ರೌಂಡರ್. ಯಲವಿಗಿ ಸ್ಟೇಶನ್ನಿನ ಬಾಜೂ ಬಯಲಿನಲ್ಲಿ ಅವನು ಹೊಡೆದ ಒಂದು ಸಿಕ್ಸರ್ ಗೂಡ್ಸ್ ಗಾಡಿಯೊಳಗೆ ಬಿದ್ದು ಹರಿಹರದ ತನಕ ಹೋಗಿತ್ತು. ಇಪ್ಪತ್ತು ವರ್ಷ ಹೀಗೆ ಊರೂರು ಗೆಲ್ಲಿಸಿದ. ಆದರೆ ಗೆದ್ದ ಕಪ್ಪು ಕರೆಸಿದ ಊರಿನದು. ಅವನ ಮನೆಯ ಗೋಡೆಯಲ್ಲಿ ಕಪ್ಪಿಗೆಂದೇ ಮಾಡಿಸಿದ ಗೂಡಿನಲ್ಲಿ ಚಮನಬಿಯ ಎಲೆಯಡಿಕೆಯ ಪಾನದಾನ ಇಪ್ಪತ್ತು ವರ್ಷದಿಂದ ಕೂತಿತ್ತು.

ಈಗ ಮೊಣಕಾಲುಗಳು ಬೇಡ ಅನ್ನತೊಡಗಿದ್ದವು. ಇದೇ ಕೊನೆಯ ಆಟ ಎಂದು ನಿಶ್ಚಯಿಸಿ, ಹಾನಗಲ್ಲಿನ ಮ್ಯಾನೇಜರ್ ವಾದಿರಾಜನಿಗೆ ಹೇಳಿದ್ದ, "ಬಸ್ ಚಾರ್ಜ್ ಬ್ಯಾಡ್ರಿ, ಊಟಾನೂ ಬ್ಯಾಡ. ಗೆದ್ರ ಕಪ್ಪು ನಮ್ಮ ಮನೀಗೆ ಬರಬೇಕು." ವಾದಿರಾಜ ಒಪ್ಪಿದ್ದ. ಅಷ್ಟರಲ್ಲಿ ಅಮ್ಮ ಹೀಗೆ ಮಾಡಿದಳು.

ಶಿಗ್ಗಾಂವದ ಮೈದಾನಕ್ಕೆ ಕಾಲಿಟ್ಟದ್ದೇ ತಡ, ಎಡಗೈ ವಾದಿರಾಜ ಹಿಡಿದ, ಬಲಗೈ ಹಿರೇಕೆರೂರಿನ ಮ್ಯಾನೇಜರ್ ಕನಕಪ್ಪ ಹಿಡಿದ.

"ಏನೋ ದಾದಾ, ಮೊದಲ ನಮ್ಮ ವೀಳ್ಯಾ ತಿಂದೀಯಲ್ಲೋ?" ಎಂದ ವಾದಿರಾಜ.

"ಇವರವ್ವ ನನ್ನ ಕಣ್ಣ ಮುಂದ ತಿಂದಾಳ್ರಿ! ಸುಣ್ಣಾ ಸೈತ ನಾನ ಕೊಟ್ಟೇನಿ!" ಎಂದ ಕನಕಪ್ಪ.

ಇಬ್ಬರೂ ಎಳೆದ ಎಳೆತಕ್ಕೆ ದಾದಾಪೀರನ ಹೊಸ ಟೀ ಶರ್ಟು ಒಂದು ಸೈಜು ದೊಡ್ಡದಾಯಿತು. ಕೊನೆಗೆ ವ್ಯಾಜ್ಯ ಅಂಪೈರ್ ಸುಶೀಂದ್ರ ಮಾಸ್ತರರ ಹತ್ತಿರ ಹೋಯಿತು. ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಡ್ರಾಯಿಂಗ್ ಕಲಿಸಿದ ಅವರು ಒಮ್ಮೆ ಎಳೆದ ಗೆರೆ ಅಳಿಸಿದವರಲ್ಲ.

"ಇಂವಾ ಆಲ್‌ರೌಂಡರ್ ಹೌದಲ್ಲೋ? ಎರಡು ವಿದ್ಯಾ ಬರ್ತಾವ. ಬ್ಯಾಟಿಂಗ್ ಹಾನಗಲ್ಲಿಗೆ ಮಾಡ್ಲಿ, ಬೌಲಿಂಗ್ ಹಿರೇಕೆರೂರಿಗೆ ಮಾಡ್ಲಿ. ಮುಗೀತು."

ಜನ ಚಪ್ಪಾಳೆ ತಟ್ಟಿದರು. ಎಂಥ ನ್ಯಾಯ! ಹಾನಗಲ್ಲು ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಿತು. ದಾದಾಪೀರ ಬ್ಯಾಟು ಹಿಡಿದು ಕ್ರೀಸಿಗೆ ಬಂದ. ಹಿಂದೆಯೇ ಕನಕಪ್ಪ ಬಂದು ಚೆಂಡನ್ನು ಅವನ ಕೈಗಿಟ್ಟ.

"ತಗೋ. ಮೊದಲನೇ ಓವರ್ ನಿಂದ."

ದಾದಾಪೀರ ಒಂದು ಕೈಯಲ್ಲಿದ್ದ ಬ್ಯಾಟು ನೋಡಿದ, ಇನ್ನೊಂದು ಕೈಯಲ್ಲಿದ್ದ ಚೆಂಡು ನೋಡಿದ. ಹಾನಗಲ್ಲು ಬ್ಯಾಟ್ ಮಾಡುವಾಗ ಚೆಂಡು ಹಾಕುವವರು ಹಿರೇಕೆರೂರಿನವರೇ ಎಂಬುದು ಆಗ ಹೊಳೆಯಿತು.

"ಮಾಸ್ತರ್ರ, ಅಂದ್ರ ನನಗ ನಾನ ಬೌಲಿಂಗ್ ಮಾಡ್ಲೇನ್ರಿ?"

ಮಾಸ್ತರರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸಿದರು. ಅವರಿಗೂ ಆಗಲೇ ಹೊಳೆದದ್ದು. ಆದರೆ ಗೆರೆ ಎಳೆದಾಗಿತ್ತು.

"ನಿನ್ನ ಜೋಡಿದಾರ ಬ್ಯಾಟ್ ಮಾಡೋ ಮುಂದ ನೀ ನನ್ನ ಬಾಜೂ ಸುಮ್ನ ನಿಂತಿರ್ತೀಯಲ್ಲಾ? ಬ್ಯಾಟ್ ನನ್ನ ಕೈಯಾಗ ಕೊಟ್ಟು ಬೌಲಿಂಗ್ ಮಾಡು. ರನ್ ಓಡಿ ಆ ತುದಿಗೆ ಹೋದ್ಯೋ, ಬ್ಯಾಟ್ ಹಿಡಿ. ಆವಾಗ ಬ್ಯಾರೇದವರು ಚೆಂಡ ಹಾಕ್ಲಿ."

ಮೊದಲ ಚೆಂಡಿಗೇ ದಾದಾಪೀರ ತನ್ನ ಜೋಡಿದಾರನ ಸ್ಟಂಪು ಹಾರಿಸಿದ. ಹಿರೇಕೆರೂರಿನವರು ಅವನನ್ನು ಎತ್ತಿಕೊಂಡು ಕುಣಿದರು. ಹಾನಗಲ್ಲಿನವರು ಇಳಿಸಿಕೊಂಡು ಬೈದರು. ಮುಂದಿನ ಓವರಿನಲ್ಲಿ ಬ್ಯಾಟ್ ಮಾಡುವ ಸರದಿ ಅವನದು. ಹೊಡೆದ ಸಿಕ್ಸರು ಹೈವೇ ಮೇಲೆ ಹೋಗುತ್ತಿದ್ದ ಬಸ್ಸಿನ ಟಾಪಿಗೆ ಬಿದ್ದು ಹುಬ್ಬಳ್ಳಿ ದಾರಿ ಹಿಡಿಯಿತು. ಈಗ ಹಾನಗಲ್ಲಿನವರು ಎತ್ತಿಕೊಂಡರು, ಹಿರೇಕೆರೂರಿನವರು ಬೈದರು.

ಸುದ್ದಿ ಕೇಳಿ ದಲಾಲಿ ಅಂಗಡಿಗಳ ಹಮಾಲರು ಚೀಲ ಅಲ್ಲೇ ಇಳಿಸಿ ಬಂದರು. ಬೇಲಿ, ಮರ, ಕಂಪೌಂಡು, ಎಲ್ಲಾ ಕಡೆ ಜನ. ದಾದಾಪೀರ ಬೌಲಿಂಗ್ ಮಾಡುವುದು, ಬ್ಯಾಟಿಗೆ ಓಡುವುದು, ರನ್ನು ಓಡುವುದು, ಮತ್ತೆ ಬೌಲಿಂಗಿಗೆ ಓಡುವುದು. ಮೊಣಕಾಲಿನ ನೋವು ಎಲ್ಲಿ ಹೋಯಿತೋ ಏನೋ. ಇಪ್ಪತ್ತು ವರ್ಷದಲ್ಲಿ ಅವನು ಇಷ್ಟು ಚೆನ್ನಾಗಿ ಆಡಿರಲಿಲ್ಲ. ನಾಲ್ಕು ವಿಕೆಟ್ ತೆಗೆದ, ಐವತ್ತೊಂದು ರನ್ ಹೊಡೆದ.

ಎಂಟು ಓವರಿನ ಆಟ, ಎಂಟನೆಯ ಓವರಿನ ಕೊನೆಯ ಚೆಂಡು. ದಾದಾಪೀರನೇ ಹಾಕಿದ. ಜೋಡಿದಾರ ನೇರ ಅವನತ್ತಲೇ ಮೆಲ್ಲಗೆ ತಳ್ಳಿ ಓಡಿ ಬಂದ. ಚೆಂಡು ದಾದಾಪೀರನ ಕೈಯಲ್ಲಿ, ಅವನು ಪಿಚ್ಚಿನ ನಡುವೆ, ಜೋಡಿದಾರ ಅವನನ್ನು ದಾಟಿ ಹೋದ.

"ಓಡೋ ದಾದಾ, ಓಡೋ!" ವಾದಿರಾಜ ಕೂಗಿದ.

"ಹೊಡಿಯೋ ಸ್ಟಂಪಿಗೆ!" ಕನಕಪ್ಪ ಕೂಗಿದ.

ಇಬ್ಬರಿಗೂ ಮಾತು ಕೊಟ್ಟಾಗಿತ್ತು. ದಾದಾಪೀರ ಓಡುತ್ತಲೇ ಎಸೆದ. ಚೆಂಡು ಎದುರಿನ ಸ್ಟಂಪು ಉರುಳಿಸಿದಾಗ ಅವನು ಇನ್ನೂ ನಾಲ್ಕು ಹೆಜ್ಜೆ ಹೊರಗಿದ್ದ. ರೂಢಿಯಂತೆ ಎರಡೂ ಕೈ ಮೇಲೆತ್ತಿ ಒದರಿದ, "ಹೌಜ್ಯಾಟ್!"

ಮಾಸ್ತರರು ಗಂಭೀರವಾಗಿ ಬೆರಳೆತ್ತಿದರು. ತನ್ನನ್ನು ತಾನೇ ರನೌಟ್ ಮಾಡಿ, ತಾನೇ ಅಪೀಲ್ ಮಾಡಿದ ಆಟಗಾರನನ್ನು ಶಿಗ್ಗಾಂವ ಹಿಂದೆ ಕಂಡಿರಲಿಲ್ಲ. ಮೈಕು ಹಿಡಿದ ಮುಬಶೀರ ಕಾಮೆಂಟರಿ ಬಿಟ್ಟು ಸೀಟಿ ಹೊಡೆದ. ಇಡೀ ಮೈದಾನ ಎದ್ದು ನಿಂತಿತು. ದಾದಾಪೀರನಿಗೆ ಕಣ್ಣು ತುಂಬಿ ಬಂತು.

ಹಾನಗಲ್ಲು ಎಪ್ಪತ್ತೆಂಟು. ಎರಡೂ ವೀಳ್ಯದ ಋಣ ತೀರಿದ್ದರಿಂದ ದಾದಾಪೀರ ಯಾರ ಬೆಂಚಿನಲ್ಲೂ ಕೂರದೆ ಸ್ಕೋರ್ ಬೋರ್ಡಿನ ಕೆಳಗೆ ಕೂತ. ಹಿರೇಕೆರೂರಿನವರು ಬಿದ್ದು ಎದ್ದು ಆಡಿ ಅವರೂ ಎಪ್ಪತ್ತೆಂಟಕ್ಕೇ ನಿಂತರು. ಟೈ!

"ಇವತ್ತ ಗೆದ್ದಾಂವ ಇಂವಾ ಒಬ್ಬನ," ಎಂದರು ಸುಶೀಂದ್ರ ಮಾಸ್ತರರು. "ಕಪ್ಪು ದಾದಾಪೀರನ ಮನೀಗೆ ಹೋಗ್ಲಿ."

ಮುಂಜಾನೆಯಿಂದ ಜಗಳಾಡಿದ ವಾದಿರಾಜ, ಕನಕಪ್ಪ ಒಬ್ಬರ ಮುಖ ಒಬ್ಬರು ನೋಡಿ ತಟ್ಟನೆ ಒಪ್ಪಿದರು. ಆಗಲೇ ದಾದಾಪೀರನಿಗೆ ಅನುಮಾನ ಬರಬೇಕಿತ್ತು. ಖುಷಿಯಲ್ಲಿದ್ದವನಿಗೆ ಅನುಮಾನ ಎಲ್ಲಿಂದ ಬಂದೀತು!

ಹೊತ್ತು ಮುಳುಗುವ ಮೊದಲು ಸವಣೂರಿಗೆ ಮೆರವಣಿಗೆ ಬಂತು. ಮುಂದೆ ಹಲಗೆ ಬಾರಿಸುವವರು, ನಡುವೆ ಟೆಂಪೋದಲ್ಲಿ ದಾದಾಪೀರ, ಅವನ ಎರಡೂ ಬದಿಗೆ ಇಬ್ಬರು ಮ್ಯಾನೇಜರು. ಚಮನಬಿ ತಾನೇ ಎದ್ದು ಪಾನದಾನವನ್ನು ಗೂಡಿನಿಂದ ಇಳಿಸಿದಳು. ಕನಕಪ್ಪ ಕಪ್ಪು ಇಟ್ಟ, ವಾದಿರಾಜ ಅದನ್ನು ನೆಟ್ಟಗೆ ಮಾಡಿದ. ಇಪ್ಪತ್ತು ವರ್ಷದ ಗೂಡು ತುಂಬಿತು.

"ನೋಡಮ್ಮಾ," ಎಂದ ದಾದಾಪೀರ. "ಇನ್ನ ಮ್ಯಾಲ ಯಾರ ವೀಳ್ಯಾನೂ ಮುಟ್ಟಬ್ಯಾಡ. ನನ್ನ ಆಟ ಮುಗೀತು."

ಹಾಗೆನ್ನುತ್ತಲೇ ಕಪ್ಪಿನ ಅಂಚು ಸವರಿದ. ಒಳಗೆ ಏನೋ ತಣ್ಣಗೆ ತಾಗಿತು. ಸವಣೂರಿನ ಎಳೆ ಎಲೆಗಳು, ನೀರು ಚಿಮುಕಿಸಿದವು, ಜೊತೆಗೆ ಅಡಿಕೆ. ದಿನವಿಡೀ ಓಡಿ ಬಾಯಿ ಒಣಗಿತ್ತು. ಮಾತಾಡುತ್ತಲೇ ಒಂದೆಲೆ ಮಡಚಿ ಬಾಯಿಗೆ ಹಾಕಿಕೊಂಡ.

ಇಬ್ಬರೂ ಮ್ಯಾನೇಜರು ಅವನ ಬಾಯಿಯತ್ತ ಬಗ್ಗಿ ನೋಡಿದರು.

"ತಿಂದನೇನ್ರಿ?" ಕನಕಪ್ಪ ಕೇಳಿದ.

"ತಿಂದಾನ, ತಿಂದಾನ!" ವಾದಿರಾಜ ಅವನನ್ನು ತಬ್ಬಿಕೊಂಡ. "ಟೈ ಆದ ಮ್ಯಾಲ ಫೈನಲ್ ಮತ್ತೊಮ್ಮೆ ಆಗಬೇಕಲ್ಲೋ ದಾದಾ? ಬರೋ ಭಾನುವಾರ, ಹಿರೇಕೆರೂರಾಗ. ಕಪ್ಪು ಶನಿವಾರ ಒಯ್ತೇವಿ."

ದಾದಾಪೀರ ಅಗಿಯುವುದನ್ನು ನಿಲ್ಲಿಸಿದ. "ಇದು ಯಾರ ವೀಳ್ಯಾರಿ?"

"ಇಬ್ಬರದೂ," ಎಂದ ಕನಕಪ್ಪ. "ನೀ ಇವತ್ತಿನಂಗ ಎರಡೂ ಕಡೆ ಆಡಿದ್ರ ಅಷ್ಟ ನೋಡಾಕ ಬರ್ತೇವಿ ಅಂತಾರಪಾ ಜನಾ."

ದಾದಾಪೀರ ತಾಯಿಯ ಕಡೆ ನೋಡಿದ. ಚಮನಬಿ ಪಾನದಾನದ ಮುಚ್ಚಳ ತೆಗೆದು ಮಗನ ಮುಂದೆ ಸರಿಸಿದಳು.

"ನಾ ತಿಂದಿದ್ದು ಒಂದ ಊರಿಂದು ಬೇಟಾ. ನೀ ಎರಡೂರಿಂದು ಒಮ್ಮೆಲೇ ತಿಂದಿ. ಸುಣ್ಣಾ ಬೇಕೇನು?"