ಪ್ಲೇಟು ತಿರುವುವ ಹೊತ್ತು

ನನ್ನ ಹೆಂಡತಿಯ ಚಿಕ್ಕಪ್ಪ, ನಮ್ಮ ಕಾಕಾ, ಮನುಷ್ಯರಲ್ಲ, ಗ್ರಾಮಫೋನು! ನಾನೇ ಹೀಗೆ ಹೇಳಿದರೆ ಅಳಿಯನಿಗೆ ಸೊಕ್ಕು ಎನ್ನುತ್ತೀರಿ. ಹೇಳಿದವರು ಅವರ ಹೆಂಡತಿ, ನಮ್ಮ ಕಾಕು. "ಕಿವಿ ಹಿಂಡಿದ್ರ ಸುರು ಆಗ್ತಾರ, ತಾವಾಗಿ ನಿಂದ್ರೂದಿಲ್ಲ" ಎಂದು ಮದುವೆಯ ಮಾತುಕತೆಗೆ ಹೋದ ದಿನವೇ ನನಗೆ ಎಚ್ಚರಿಕೆ ಕೊಟ್ಟಿದ್ದರು.

ಆ ದಿನ ಉಳಿದವರೆಲ್ಲ ನನ್ನ ನೌಕರಿ ಕೇಳಿದರು, ಊರು ಕೇಳಿದರು, ರೂಮು ಸ್ವಂತದ್ದೋ ಬಾಡಿಗೆಯದೋ ಕೇಳಿದರು. ಕಾಕಾ ಮಾತ್ರ ನನ್ನ ಎದೆಯ ಹತ್ತಿರ ಕಿವಿ ತಂದು, "ಒಂದೀಟು ಕೆಮ್ಮರಿ ನೋಡೂಣು" ಅಂದರು. ಹಿರಿಯರ ಮಾತು ಹೇಗೆ ಮೀರುವುದು? ಕೆಮ್ಮಿದೆ. "ದನಿಯ ಬೇಸ್ ಛಲೋ ಐತಿ. ಹುಡುಗೀನ ಕೊಡಾಕ ಅಡ್ಡಿ ಇಲ್ಲ!" ಅಂದರು. ನನ್ನ ಸಂಸಾರ ಶುರುವಾದದ್ದು ಹೀಗೆ, ಒಂದು ಕೆಮ್ಮಿನ ಮೇಲೆ.

ಮುಂಬಯಿಯ ಬೈಕುಲ್ಲಾದ ಒಂದು ರಿಪೇರಿ ಅಂಗಡಿಯಲ್ಲಿ ಅವರ ಆಯುಷ್ಯ ಕಳೆದಿದೆ. ದನಿ ಹಿಡಿಯುವ ಯಂತ್ರ ಏನೇನು ಹುಟ್ಟಿತೋ ಅದೆಲ್ಲ ಅವರ ಕೈಯಲ್ಲೇ ಸತ್ತಿದೆ. ಗಾಲಿಯಷ್ಟು ದೊಡ್ಡ ಟೇಪಿನ ಸ್ಪೂಲು ಸತ್ತಿತು, ಕ್ಯಾಸೆಟ್ಟು ಸತ್ತಿತು, ಸಿಡಿ ಹುಟ್ಟಿದ್ದು ಗೊತ್ತಾಗುವಷ್ಟರಲ್ಲಿ ಅದೂ ಹೋಯಿತು. ಈಗ ಭಾಂಡುಪ್‌ನ ಅವರ ಬಾಲ್ಕನಿಯಲ್ಲಿ ಸಿಡಿಗಳು ದಾರಕ್ಕೆ ನೇತುಬಿದ್ದು ಪಾರಿವಾಳ ಓಡಿಸುತ್ತವೆ. "ಹಾಡೂದು ಬಿಟ್ರೂ ಡ್ಯೂಟಿ ಬಿಟ್ಟಿಲ್ಲ ನೋಡು" ಎಂದು ಕಾಕಾ ಅವುಗಳನ್ನು ಹೊಗಳುತ್ತಾರೆ. ಮೊಬೈಲಿನ ಮೇಲೆ ಮಾತ್ರ ಅವರಿಗೆ ನಂಬಿಕೆಯಿಲ್ಲ. ಒಮ್ಮೆ ನನ್ನ ಫೋನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಇದರಾಗ ಸಾವಿರಾರು ಹಾಡು ಅದಾವ ಅಂತೀ. ಒಂದು ಹಾಡಿನ ವಜ್ಜೆ ಆದ್ರೂ ಐತೇನು?"

ಅವರೊಡನೆ ಲೋಕಲ್ ಗಾಡಿ ಹಿಡಿಯುವುದೆಂದರೆ ಒಂದು ಸಾಹಸ. ಇಡೀ ಮುಂಬಯಿ ಕಾಲಿನಿಂದ ಓಡಿದರೆ ಇವರು ಕಿವಿಯಿಂದ ಓಡುತ್ತಾರೆ! ಒಂದು ಸಲ ಗಾಡಿ ಬಂದು ನಿಂತಿದೆ, ಜನ ನುಗ್ಗುತ್ತಿದ್ದಾರೆ, ಕಾಕಾ ನನ್ನ ಅಂಗಿ ಹಿಡಿದು ನಿಲ್ಲಿಸಿದರು.

"ಅನೌನ್ಸ್‌ಮೆಂಟ್ ಕೇಳು. ಸ್ಟೇಷನ್ ಹೆಸರು ಹೇಳಿದ್ದು ಬ್ಯಾರೆ ದಿನ, ಪ್ಲಾಟ್‌ಫಾರ್ಮ್ ನಂಬರ್ ಹೇಳಿದ್ದು ಬ್ಯಾರೆ ದಿನ. ತುಂಡು ತುಂಡು ಹೊಲದಾರ. ನಂಬರ್ ಹೇಳೋ ದಿನ ಆಕಿಗೆ ನೆಗಡಿ ಬಂದಿತ್ತು."

"ಕಾಕಾ, ಗಾಡಿ!"

"ಮೂಗು ಕಟ್ಟೇತಿ, ಕೇಳು!"

ಗಾಡಿ ಹೋಯಿತು. ಯಾವುದೋ ಕಾಲದಲ್ಲಿ ಯಾರಿಗೋ ಬಂದ ನೆಗಡಿಗಾಗಿ ನನ್ನ ಅರ್ಧ ದಿನದ ರಜೆ ಹೋಯಿತು.

ಇಂಥವರ ತಲೆಯಲ್ಲಿ ಎಷ್ಟು ಹಾಡು ಇರಬೇಕು ಅಂತೀರಿ? ಅವರಿಗೆ ಹಾಡು ಎಂದರೆ ಒಂದೇ. ಅವರ ಅಪ್ಪ ಪರೇಲಿನ ಮಿಲ್ಲಿನಲ್ಲಿ ದುಡಿಯುತ್ತಿದ್ದಾಗ ಹಳೇ ಸಾಮಾನಿನ ಅಂಗಡಿಯಿಂದ ಕೀಲಿ ಕೊಡುವ ಗ್ರಾಮಫೋನು ತಂದಿದ್ದರು. ಜೊತೆಗೆ ಬಂದದ್ದು ಒಂದೇ ಕನ್ನಡ ಹಾಡಿನ ಪ್ಲೇಟು. ಹಾಡಿದಾಕೆಯ ಹೆಸರಿನ ಕಾಗದ ಸವೆದು ಹೋಗಿತ್ತು. "ಹೊತ್ತು ಮೀರಿತು ಗುರುವೆ, ಕೈ ಹಿಡಿದು ದಾಟಿಸು" ಎಂದು ಆಕೆ ಹಾಡಿದರೆ ಅವರಿದ್ದ ಚಾಳಿನ ಸಾಲುಮನೆಗಳ ಬಾಗಿಲುಗಳಲ್ಲಿ ಜನ ನಿಲ್ಲುತ್ತಿದ್ದರಂತೆ. ಚಾಳು ಬಿಟ್ಟು ಭಾಂಡುಪ್‌ಗೆ ಬರುವಾಗ ಟೆಂಪೋದಲ್ಲಿ ಆ ಪ್ಲೇಟು ಹಪ್ಪಳದ ಹಾಗೆ ಮುರಿಯಿತು. ಕಾಕಾ ಊರೆಲ್ಲ ಹುಡುಕಿದರು. ಇನ್ನೊಂದು ಸಿಗಲಿಲ್ಲ. ಅಂದಿನಿಂದ ಆ ಹಾಡು ಉಳಿದದ್ದು ಅವರ ಬಾಯಲ್ಲಿ ಮಾತ್ರ.

ಅವರ ಬಿಲ್ಡಿಂಗಿನ ಭಜನಾ ಮಂಡಳಿಗೆ ಅದನ್ನು ಕಲಿಸಿದವರೂ ಅವರೇ; ಅಳಿಯನಾದ ತಪ್ಪಿಗೆ ನಾನೂ ಅದರಲ್ಲಿ ತಾಳ ಹಾಕುತ್ತೇನೆ. ಹೇಗೆ ಕಲಿಸಿದರು ಅಂತೀರಿ? ಪ್ಲೇಟಿನಲ್ಲಿ ಒಂದು ಗೀರು ಇತ್ತಂತೆ. ಹಾಗಾಗಿ ನಾವೂ "ಕೈ ಹಿಡಿ, ಕೈ ಹಿಡಿ, ಕೈ ಹಿಡಿ" ಎಂದು ಸಿಕ್ಕಿಕೊಳ್ಳಬೇಕು. ಅವರ ಅಪ್ಪ ಬೆರಳಿನಿಂದ ತಟ್ಟಿದರೆ ಮುಳ್ಳು ಮುಂದೆ ಹೋಗುತ್ತಿತ್ತಂತೆ. ಹಾಗಾಗಿ ತಬಲಾ ಮಾಸ್ತರರು ಅಲ್ಲಿ 'ಟಪ್' ಎಂದು ಒಂದು ಪೆಟ್ಟು ಹಾಕಬೇಕು. ಕೊನೆಗೆ ಕೀಲಿ ಇಳಿದು ದನಿ ಮಂದವಾಗುತ್ತಿತ್ತಂತೆ. ನಾವೆಲ್ಲ ಕೆಸರಲ್ಲಿ ಇಳಿದ ಎಮ್ಮೆಗಳ ಹಾಗೆ ಕೆಳಕೆಳಕ್ಕೆ ಹೋಗಬೇಕು, ಕಾಕಾ ಕೀಲಿ ಕೊಡುವ ಹಾಗೆ ಗಾಳಿಯಲ್ಲಿ ಕೈ ಗರಗರ ತಿರುಗಿಸಿದ ಕೂಡಲೇ ಮೇಲಕ್ಕೇರಬೇಕು!

ಎಲ್ಲಕ್ಕಿಂತ ದೊಡ್ಡ ಪೀಡೆ ಅಂದರೆ ನಡುವಿನ ನಿಲುಗಡೆ. ಹಾಡು ಅರ್ಧ ಮುಗಿದಾಗ ಪ್ಲೇಟು ತಿರುವಿ ಹಾಕಬೇಕಲ್ಲ, ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂರಬೇಕು. ಮುಲುಂಡಿನ ಒಬ್ಬರ ಮನೆಯಲ್ಲಿ ಇದೇ ಹೊತ್ತಿಗೆ ಭಜನೆ ಮುಗಿಯಿತೆಂದು ತಿಳಿದು ಪ್ರಸಾದದ ಶಿರಾ ಹಂಚಿಬಿಟ್ಟರು. ಪ್ಲೇಟಿನ ಎರಡನೇ ಮಗ್ಗುಲನ್ನು ನಾವು ಬಾಯಿ ತುಂಬ ಶಿರಾ ಇಟ್ಟುಕೊಂಡು ಹಾಡಿದೆವು. ಗುರು ಹೇಗೆ ದಾಟಿಸಿದನೋ!

ತಬಲಾ ಮಾಸ್ತರರು ಅಂದೇ ಸಿಡಿದರು. "ಏ ರಿಪೇರಿವಾಲಾ, ಪ್ಲೇಟ್ ಒಡದು ಎಷ್ಟ್ ವರ್ಷ ಆತು? ಇಲ್ಲದ ಪ್ಲೇಟ್ ಏನ್ ತಿರುವ್ತಿ? ಮಂದಿ ನಗಾಕತ್ತಾರ!"

"ನಗಲಿ ಬಿಡ್ರಿ. ಆ ಹೆಣ್ಮಗಳು ಹಾಡಿದ್ದು ಹಂಗ."

"ಆಕಿ ಹಾಡಿದ್ದು ನೆಟ್ಟಗ! ನಿಮ್ಮಪ್ಪನ ಪೆಟ್ಟಿಗಿ ಸೊಟ್ಟ ಇತ್ತು!"

ಈ ಜಗಳ ಪ್ರತಿ ಶನಿವಾರ ನಡೆಯುತ್ತಿತ್ತು. ಈ ವರ್ಷ ನಿಂತಿತು, ಏಕೆಂದರೆ ಕಾಕಾನಿಗೆ ಉಸಿರು ಸಾಲದಾಯಿತು. ಪರೇಲಿನ ಡಾಕ್ಟರು ಒಂದು ನಳಿಕೆ ಊದಿಸಿ ನೋಡಿ ತಲೆ ಅಲ್ಲಾಡಿಸಿದರು. ಎದೆ ದಿನದಿನಕ್ಕೆ ಬಿಗಿಯಾಗುತ್ತದೆ, ಹಾಡುವುದು ಇನ್ನು ಹೆಚ್ಚು ದಿನವಿಲ್ಲ ಅಂದರು. ಕಾಕಾ ಮರುದಿನ ಬೆಳಿಗ್ಗೆಯೇ ನನಗೆ ಫೋನು ಮಾಡಿದರು. ಮುಂದೆ ದಿನಾ ಮಾಡಿದರು. "ರೆಕಾರ್ಡ್ ಮಾಡಿಸು. ನಾ ಮುಚ್ಚಿದ್ರ ಹಾಡೂ ಮುಚ್ಚತೈತಿ. ಲಗೂನ ಮಾಡಿಸು!" ಆಯುಷ್ಯವಿಡೀ ಬೇರೆಯವರ ದನಿ ರಿಪೇರಿ ಮಾಡಿದ ಮನುಷ್ಯ ತನ್ನ ದನಿಯನ್ನು ಒಮ್ಮೆಯೂ ಹಿಡಿಸಿಟ್ಟಿರಲಿಲ್ಲ.

ಪರೇಲಿನಲ್ಲೇ ಒಂದು ಸಣ್ಣ ಸ್ಟುಡಿಯೋ ಸಿಕ್ಕಿತು. ನಡೆಸುವವಳು ಧಾರವಾಡದ ಮನೆತನದ ಹುಡುಗಿ, ಕನ್ನಡದಲ್ಲಿ ತಡವರಿಸುತ್ತಾಳೆ. ನಮ್ಮ ತಾಲೀಮು ಒಂದು ಸಲ ಕೇಳಿ ಕಂಗಾಲಾದಳು. "ಅಂಕಲ್, ಯೇ ಅಟಕನಾ, ಸಿಕ್ಕೋದು, ಗ್ಯಾಪ್, ಎಲ್ಲಾ ಯಾಕೆ? ಸೀದಾ ಹಾಡ್ರೀ ನಾ, ಪ್ಲೀಸ್."

ನಾವು ಜಗಳಕ್ಕೆ ಸಿದ್ಧರಾಗಿ ಕಾಕಾನ ಮುಖ ನೋಡಿದೆವು. ಅವರು, "ಆತವಾ, ಸೀದಾ ಹಾಡ್ತೇವಿ. ಪ್ಲೇಟ್ ತಿರುವೂದು ಬ್ಯಾಡ" ಅಂದರು! ಕಾಕಾ ನನ್ನ ಕಡೆ ಬಾಗಿ ಮೆಲ್ಲಗೆ, "ಮತ್ತ ಆಗೂದಿಲ್ಲ. ಇದೊಂದು ನೆಟ್ಟಗಿರಲಿ. ಯಾರೂ ನಗಬಾರದು" ಅಂದರು.

ಹಾಡು ಶುರುವಾಯಿತು. ಗೀರು ಇಲ್ಲ, ಟಪ್ ಇಲ್ಲ. ಕಾಕಾ ಎಷ್ಟು ನೆಟ್ಟಗೆ ಹಾಡಿದರೆಂದರೆ ನನಗೆ ಗಾಬರಿಯಾಯಿತು. ಅರ್ಧದ ಹತ್ತಿರ ಬಂದಾಗ ಅವರ ಕತ್ತಿನ ನರ ಉಬ್ಬಿದವು. ದನಿ ಇದೆ, ಅದರೊಳಗೆ ಗಾಳಿ ಇಲ್ಲ. ಆದರೂ ನಿಲ್ಲಲೊಲ್ಲರು. ಮುಂದಿನ ಸಾಲಿಗೆ ಬಾಯಿ ತೆರೆದರು.

ತಬಲಾ ನಿಂತುಬಿಟ್ಟಿತು.

ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಹಾರ್ಮೋನಿಯಂ ಪೇಟಿ ನಿಂತಿತು, ನನ್ನ ತಾಳ ನಿಂತಿತು. ಕಾಕು ಗ್ಲಾಸಿಗೆ ನೀರು ಬಗ್ಗಿಸಿ, ಮೈಕಿನ ಮುಂದೆಯೇ ಏದುಸಿರು ಬಿಡುತ್ತಿದ್ದ ಕಾಕಾನ ಕೈಗೆ ಕೊಟ್ಟರು. ಗಾಜಿನ ಆಚೆಯಿಂದ ಹುಡುಗಿ, "ಕ್ಯಾ ಹುವಾ ಅಂಕಲ್? ಯಾಕೆ ನಿಲ್ಲಿಸಿದ್ರಿ?" ಎಂದಳು.

ತಬಲಾ ಮಾಸ್ತರರು ಮೈಕಿಗೆ ಬಾಗಿ ಗದರಿಸಿದರು. "ಗಡಬಡ ಮಾಡಬ್ಯಾಡ, ತಡಿ. ಪ್ಲೇಟ್ ತಿರುವಾಕತ್ತೇವಿ!"

ಎಷ್ಟು ಹೊತ್ತು ತಿರುವಿದೆವೋ ಗೊತ್ತಿಲ್ಲ. ಕಾಕಾ ಆಗಬಹುದೆಂದು ಗೋಣು ಆಡಿಸಿದ ಮೇಲೆ ಎರಡನೇ ಮಗ್ಗುಲು ಹಾಡಿದೆವು. ಮುಗಿದ ಮೇಲೆ ಹುಡುಗಿ ಎಲ್ಲರನ್ನೂ ಒಳಗೆ ಕರೆದು ಹಾಡು ಕೇಳಿಸಿದಳು. ನಡುವಿನ ಖಾಲಿ ಜಾಗ ಬಂದಾಗ, "ಇದು ಕಟ್ ಮಾಡಲಾ?" ಎಂದು ಕೇಳಿದಳು.

ಕಾಕಾ ಸ್ಪೀಕರಿಗೆ ಕಿವಿ ಹಚ್ಚಿದ್ದರು. "ತಡಿಯವಾ, ಖಾಲಿ ಇಲ್ಲ ಅದು. ಸುಂಯ್ ಸುಂಯ್ ಅಂತೈತಿ. ಏನು ಸಪ್ಪಳ?"

ಕಾಕು ಅವರ ಬೆನ್ನ ಮೇಲೆ ಕೈ ಇಟ್ಟರು.

"ಪ್ಲೇಟ್ ಹಳೇದೈತಲ್ಲ," ಕಾಕು ಅಂದರು, "ಅದರ ಸಪ್ಪಳ."

ಕಾಕಾ ಇನ್ನೊಂದಿಷ್ಟು ಹೊತ್ತು ಕೇಳಿದರು.

"ಹಂಗಾದ್ರ ಇರಲಿ ಬಿಡು."